ಶಿವಮೊಗ್ಗದಲ್ಲಿ ಕೂತು ಮೊದಲ ರ‍್ಯಾಪ್ ಆಲ್ಬಂ ಹೊರತಂದ ಕಥೆ

ನನ್ನ ಮೊದಲ ಸೋಲೋ ಆಲ್ಬಂ ಹೋದ ಶುಕ್ರವಾರ ಬಿಡುಗಡೆಯಾಯಿತು. ಒಂಬತ್ತು ಹಾಡು. ಎಲ್ಲವೂ ಕನ್ನಡ, ಎಲ್ಲವೂ ನಮ್ಮ ಸೀಮೆಯದ್ದೇ ವಿಷಯ: ಮಂಡಿ, ಮಳೆ, ಹಿನ್ನೀರು, ಬೆಂಗಳೂರಿನ ಬಸ್ಸು ಹತ್ತಿ ಹೋದ ಗೆಳೆಯರು. ಅವತ್ತಿನಿಂದ ಭದ್ರಾವತಿ, ಕೊಪ್ಪ, ತೀರ್ಥಹಳ್ಳಿ ಕಡೆಯ ಹುಡುಗ ಹುಡುಗಿಯರು ಕೇಳುತ್ತಲೇ ಇದ್ದಾರೆ, "ಅಣ್ಣ, ಎಲ್ಲಿಂದ ಶುರು ಮಾಡೋದು? ಎಷ್ಟು ಖರ್ಚಾಗ್ತದೆ? ಯಾರನ್ನ ಕೇಳ್ಬೇಕು?" ಬರೆಯುವುದು, ಹಾಡುವುದು ಅವರಿಗೆ ಚೆನ್ನಾಗಿ ಗೊತ್ತು. ಅದರಾಚೆಯದ್ದನ್ನು ಹೇಳಿಕೊಡುವವರು ನಮ್ಮ ಕಡೆ ಯಾರೂ ಇಲ್ಲ, ನನಗೂ ಇರಲಿಲ್ಲ. ನೆನಪು ಮಾಸುವ ಮೊದಲು ಎಲ್ಲವನ್ನೂ ಬರೆದಿಡುತ್ತಿದ್ದೇನೆ.

ನಾನು ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವನು. ಹುಟ್ಟೂರು ಸಾಗರ ತಾಲ್ಲೂಕು, ಇರುವುದು ಶಿವಮೊಗ್ಗದ ವಿನೋಬನಗರದಲ್ಲಿ, ಮೂರನೇ ಮಹಡಿಯ ಬಾಡಿಗೆ ರೂಮಿನಲ್ಲಿ. ಕಾಲೇಜಿನ ಕಾಲದಿಂದ ಗೆಳೆಯರ ಗುಂಪಿನ ಜೊತೆ ರ‍್ಯಾಪ್ ಮಾಡುತ್ತಿದ್ದೆ. ಗುಂಪಿನಲ್ಲಿದ್ದಾಗ ಒಂದು ಹಾಡಿನಲ್ಲಿ ನನ್ನ ಪಾಲು ಹದಿನಾರು ಸಾಲು, ಉಳಿದದ್ದನ್ನು ಇನ್ನೊಬ್ಬರು ನೋಡಿಕೊಳ್ಳುತ್ತಿದ್ದರು. ಸೋಲೋ ಆಲ್ಬಂ ಎಂದಾಗ ಬೀಟಿನಿಂದ (ಹಾಡಿನ ಹಿಂದೆ ನುಡಿಯುವ ಸಂಗೀತ) ಹಿಡಿದು ಬ್ಯಾಂಕ್ ಪಾಸ್‌ಬುಕ್ಕಿನವರೆಗೆ ಎಲ್ಲದಕ್ಕೂ ನಾನೇ.

ಬರವಣಿಗೆಗೆ ಹಿಡಿದ ಕಾಲ ದೊಡ್ಡದು, ಆದರೆ ಸುಖದ ಕಾಲ ಅದು. ಒಂದು ಮಾತು ಮಾತ್ರ ಹೇಳಲೇಬೇಕು, ಯಾಕೆಂದರೆ ಕನ್ನಡ ರ‍್ಯಾಪ್ ಬೀಟಿಗೆ ಕೂರುವುದಿಲ್ಲ ಎನ್ನುವವರು ಈಗಲೂ ಸಿಗುತ್ತಾರೆ. ಒಂದು ಬಾರ್, ಅಂದರೆ ತಾಳದ ಒಂದು ಸುತ್ತು, ನಾಲ್ಕು ಬೀಟಿನದು. ಇಲ್ಲಿ ಬೀಟು ಎಂದರೆ ತಾಳದ ಒಂದು ಹೊಡೆತ. ಪ್ರತಿ ಬೀಟನ್ನು ನಾಲ್ಕಾಗಿ ಒಡೆದರೆ ಹದಿನಾರು ಮನೆ. ಲಘುವಿಗೆ ಒಂದು ಮನೆ, ಗುರುವಿಗೆ ಎರಡು ಎಂದಿಟ್ಟುಕೊಳ್ಳಿ. ಹೈಸ್ಕೂಲಿನಲ್ಲಿ ಪ್ರಸ್ತಾರ ಹಾಕಿ ಬಿಟ್ಟ ಪರಿವರ್ಧಿನಿ ಷಟ್ಪದಿಯ ಮೊದಲ ಸಾಲಿನಲ್ಲಿ ನಾಲ್ಕು ಮಾತ್ರೆಯ ನಾಲ್ಕು ಗಣ, ಅಂದರೆ ಸರಿಯಾಗಿ ಹದಿನಾರು. ಒಂದು ಬಾರ್ ತುಂಬಿತು. ಭಾಮಿನಿಯ ಮೊದಲ ಸಾಲು ಮೂರು-ನಾಲ್ಕು-ಮೂರು-ನಾಲ್ಕು, ಒಟ್ಟು ಹದಿನಾಲ್ಕು. ಉಳಿದ ಎರಡು ಮನೆ ಉಸಿರೆಳೆದುಕೊಳ್ಳಲು. ನನ್ನ ಮಂಡಿ ಹಾಡಿನ ಪಲ್ಲವಿ ಹುಟ್ಟಿದ್ದು ಹೀಗೇ. ಬೆಟ್ಟೆ, ರಾಶಿ, ಸರಕು, ಗೊರಬಲು: ದಿನವೂ ಲೆಕ್ಕದ ಪುಸ್ತಕದಲ್ಲಿ ಬರೆಯುವ ಅಡಿಕೆಯ ಹೆಸರುಗಳು. ಮೂರು, ಮೂರು, ಮೂರು, ನಾಲ್ಕು ಮಾತ್ರೆ. ಹದಿಮೂರಾಯಿತು, ಉಳಿದ ಮೂರು ಮನೆಯನ್ನು ಕಿಕ್ ಡ್ರಮ್ಮಿಗೆ ಬಿಟ್ಟೆ. ಆದಿಪ್ರಾಸವನ್ನೂ ಬಿಡಬೇಡಿ. ಸಾಲಿನ ಕೊನೆಯಲ್ಲಿ ಪ್ರಾಸ ಹುಡುಕುವುದನ್ನು ನಾವು ಹೊರಗಿನ ರ‍್ಯಾಪ್ ಕೇಳಿ ಕಲಿತೆವು. ಎರಡನೆಯ ಅಕ್ಷರದ ಪ್ರಾಸ ನಮ್ಮ ಮನೆಯದ್ದು, ಬೀಟಿನ ಹೊಡೆತಕ್ಕೆ ಅದು ಸಾಲಿನ ಮೊದಲಲ್ಲೇ ಕಚ್ಚಿಕೊಳ್ಳುತ್ತದೆ.

ಇನ್ನೊಂದು ಅಳತೆ ಗೊತ್ತಿರಲಿ. 90 ಬಿಪಿಎಂ (ನಿಮಿಷಕ್ಕೆ 90 ಬೀಟು) ವೇಗದಲ್ಲಿ ಹದಿನಾರು ಬಾರ್ ಎಂದರೆ ಸುಮಾರು 43 ಸೆಕೆಂಡು. ಮೂರು ನಿಮಿಷದ ಹಾಡಿನಲ್ಲಿ ಎಷ್ಟು ಹೇಳಬಹುದು ಎಂಬ ಅಂದಾಜು ಇದರಿಂದ ಸಿಗುತ್ತದೆ.

ರೆಕಾರ್ಡಿಂಗಿಗೆ ರೂಮಿನಲ್ಲೇ ಒಂದು ಮೂಲೆ ಕಟ್ಟಿಕೊಂಡೆ. ಊರಿಂದ ಹಳೆಯ ಕಂಬಳಿಗಳನ್ನು ತಂದು ಎರಡೂ ಗೋಡೆಗೆ ನೇತುಹಾಕಿದೆ. ದಪ್ಪ ಉಣ್ಣೆಯ ಕಂಬಳಿ ಗೋಡೆಯಿಂದ ದನಿ ತಿರುಗಿ ಬರುವುದನ್ನು ಚೆನ್ನಾಗಿ ತಡೆಯುತ್ತದೆ, ಗೋಡೆಯಿಂದ ಒಂದು ಗೇಣು ಬಿಟ್ಟು ಕಟ್ಟಿದರೆ ಇನ್ನೂ ಒಳ್ಳೆಯದು. ಮೈಕ್ ಕೊಳ್ಳುವಾಗ ಎಲ್ಲರೂ ಕಂಡೆನ್ಸರ್ ತಗೋ ಎಂದರು. ನಾನು ಡೈನಾಮಿಕ್ ಮೈಕನ್ನೇ ಆರಿಸಿದೆ. ಕಂಡೆನ್ಸರ್ ಬಹಳ ಸೂಕ್ಷ್ಮ, ಪಕ್ಕದ ಮನೆಯ ಕುಕ್ಕರಿನ ಸೀಟಿಯನ್ನೂ ಬಿಡುವುದಿಲ್ಲ. ಡೈನಾಮಿಕ್ ಮೈಕು ಹತ್ತಿರ ನಿಂತವನ ದನಿಯನ್ನಷ್ಟೇ ಹಿಡಿಯುತ್ತದೆ. ಮೈಕು, ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್, ಹೆಡ್‌ಫೋನ್, ಸ್ಟ್ಯಾಂಡು ಸೇರಿ ಇಪ್ಪತ್ತೈದು ಸಾವಿರದ ಹತ್ತಿರ ಬಂತು. ಕಂಪ್ಯೂಟರ್ ಗೆಳೆಯನದ್ದು.

ಆದರೆ ಮಳೆಗೆ ಕಂಬಳಿ ಸಾಲದು. ನನ್ನ ರೂಮಿನ ಮೇಲೆ ತಗಡಿನ ಶೀಟು. 2025ರ ಬೇಸಿಗೆಯಲ್ಲಿ ದನಿ ರೆಕಾರ್ಡ್ ಮಾಡಲು ಶುರುಮಾಡಿದೆ, ಅರ್ಧ ಹಾಡುಗಳು ಮುಗಿಯುವಷ್ಟರಲ್ಲಿ ಮುಂಗಾರು ಹಿಡಿಯಿತು. ಮಲೆನಾಡಿನ ಮಳೆ ಒಂದು ಗಂಟೆ ಬಂದು ಹೋಗುವಂಥದ್ದಲ್ಲ. ರಾತ್ರಿ ಹನ್ನೊಂದಕ್ಕೆ ನಿಂತೀತು ಎಂದು ಕಾಯುವುದು, ಎರಡಕ್ಕೆ ನಿಂತರೆ ಜೀರುಂಡೆ ಶುರು, ಜೀರುಂಡೆ ಸುಮ್ಮನಾದರೆ ಕರೆಂಟು ಇಲ್ಲ. ಬೆಳಗ್ಗೆ ಮಂಡಿಗೆ ಹೋಗಬೇಕು. ಆ ತಿಂಗಳುಗಳಲ್ಲಿ ಎಷ್ಟೋ ರಾತ್ರಿ ಹೆಡ್‌ಫೋನ್ ಹಾಕಿಕೊಂಡು ಒಂದು ಸಾಲೂ ಹಾಡದೆ ಮಲಗಿದ್ದೇನೆ. ಈ ಆಲ್ಬಂ ಆಗುವುದೇ ಇಲ್ಲ ಎಂದು ಅನ್ನಿಸಿದ್ದು ಆಗಲೇ. ಮಲೆನಾಡಿನಲ್ಲಿ ಮನೆಯಲ್ಲೇ ರೆಕಾರ್ಡ್ ಮಾಡುವವರು ದನಿಯ ಕೆಲಸವನ್ನು ಡಿಸೆಂಬರಿನಿಂದ ಮೇ ಒಳಗೆ ಇಟ್ಟುಕೊಳ್ಳಿ. ಮಳೆಗಾಲವನ್ನು ಬರೆಯಲು, ಬೀಟು ಜೋಡಿಸಲು, ಕಾಗದ ಪತ್ರಕ್ಕೆ ಬಿಡಿ. ಒಂದು ಯುಪಿಎಸ್ ಇರಲೇಬೇಕು.

ಬೀಟುಗಳ ವಿಷಯಕ್ಕೆ ಬರುತ್ತೇನೆ. ಒಂಬತ್ತರಲ್ಲಿ ಆರು ಬೀಟು ಗೆಳೆಯನೊಬ್ಬ ನನಗಾಗಿಯೇ ಮಾಡಿದ್ದು. ಮೂರನ್ನು ಆನ್‌ಲೈನಿನಲ್ಲಿ ಕೊಂಡೆ. ಕೊಳ್ಳುವುದರಲ್ಲಿ ಎರಡು ಬಗೆ. ಒಂದು ಲೀಸ್, ಕಡಿಮೆ ದುಡ್ಡು, ಆದರೆ ಅದೇ ಬೀಟನ್ನು ಮಾಡಿದವರು ಇನ್ನೂ ನೂರು ಜನಕ್ಕೆ ಮಾರಬಹುದು. ಇನ್ನೊಂದು ಎಕ್ಸ್‌ಕ್ಲೂಸಿವ್, ಅಲ್ಲಿಂದ ಮುಂದೆ ಬೇರೆ ಯಾರಿಗೂ ಮಾರುವಂತಿಲ್ಲ, ಬೆಲೆ ಹತ್ತಾರು ಪಟ್ಟು. ನನ್ನ ಕೈಯಲ್ಲಿ ಆಗಿದ್ದು ಲೀಸ್. ಲೀಸ್ ಪತ್ರದ ಪಿಡಿಎಫ್, ದುಡ್ಡು ಕೊಟ್ಟ ರಸೀದಿ, ಮಾರಿದವರ ಜೊತೆ ಆಡಿದ ಇಮೇಲ್ ಎಲ್ಲವನ್ನೂ ಒಂದೇ ಫೋಲ್ಡರಿನಲ್ಲಿ ಇಟ್ಟೆ. ಅದು ಮುಂದೆ ನನ್ನನ್ನು ಕಾಯಿತು. ಗೆಳೆಯನ ಜೊತೆಗೂ ಒಂದು ಪುಟದ ಪಾಲು ಪತ್ರ ಬರೆದುಕೊಂಡೆವು: ಸಾಹಿತ್ಯ ನನ್ನದು, ಸಂಗೀತ ಅವನದು, ಬಂದ ಹಣದಲ್ಲಿ ಯಾರಿಗೆ ಎಷ್ಟು. "ನಮ್ಮಿಬ್ಬರ ಮಧ್ಯೆ ಇದೆಲ್ಲ ಎಂತಕ್ಕೆ ಮಾರಾಯ" ಎಂದ. ಬರೆದ ಮೇಲೆ ಅವನೇ ಹಗುರಾದ. ಹಾಡು ಹೆಸರು ಮಾಡಿದ ಮೇಲೆ ಪಾಲಿನ ಮಾತೆತ್ತುವುದು ಇಬ್ಬರಿಗೂ ಕಷ್ಟ.

ಇಡೀ ಆಲ್ಬಂನ ಹೊಕ್ಕುಳ ಎಂದರೆ ಐದನೆಯ ಹಾಡು. ಅದರಲ್ಲಿ ನಮ್ಮೂರ ಅಂಟಿಗೆ-ಪಂಟಿಗೆಯವರ ದನಿ ಇದೆ. ಗೊತ್ತಿಲ್ಲದವರಿಗೆ: ದೀಪಾವಳಿಯ ರಾತ್ರಿಗಳಲ್ಲಿ ದೀಪ ಹಿಡಿದು ಮನೆಮನೆಯ ಬಾಗಿಲಿಗೆ ಹೋಗಿ ಹಾಡುವ ಪದ್ಧತಿ ನಮ್ಮ ಕಡೆಯದ್ದು. ಒಬ್ಬರು ಹೇಳಿದ ಸಾಲನ್ನು ಉಳಿದವರು ಎತ್ತಿಕೊಳ್ಳುತ್ತಾರೆ. ರ‍್ಯಾಪ್ ವೇದಿಕೆಯ ಮೇಲೆ ಒಬ್ಬ ಕೂಗಿ ಜನ ಉತ್ತರ ಕೊಡುತ್ತಾರಲ್ಲ, ಅದನ್ನು ನಾನು ಮೊದಲು ಕೇಳಿದ್ದು ಅಜ್ಜಿಮನೆಯ ಜಗುಲಿಯಲ್ಲಿ. 2024ರ ದೀಪಾವಳಿಯಲ್ಲಿ ತಂಡದ ಜೊತೆ ರಾತ್ರಿಯೆಲ್ಲ ನಡೆದು ರೆಕಾರ್ಡ್ ಮಾಡಿಕೊಂಡೆ. ಮೊದಲೇ ಕೇಳಿದ್ದೆ, ಮಾಡ್ಕೋ ಎಂದಿದ್ದರು. ನಾಯಿ ಬೊಗಳಿದ್ದು, ಬಾಗಿಲ ಚಿಲಕ ತೆಗೆದದ್ದು ಎಲ್ಲ ಅದರಲ್ಲಿದೆ.

ಬಾಯಿಮಾತಿನ ಒಪ್ಪಿಗೆ ಆಲ್ಬಂಗೆ ಸಾಲದು ಎಂದು ಗೊತ್ತಾದದ್ದು ಶಿವಮೊಗ್ಗದ ವಕೀಲರೊಬ್ಬರ ಹತ್ತಿರ ಕೂತಾಗ. ಅವರು ಬಿಡಿಸಿ ಹೇಳಿದ್ದು ಹೀಗೆ. ತಲೆಮಾರುಗಳಿಂದ ಬಂದ ಜನಪದ ಹಾಡಿಗೆ ಒಬ್ಬ ಒಡೆಯನಿಲ್ಲ, ಅದನ್ನು ಯಾರೂ ಹಾಡಬಹುದು. ಆದರೆ ಅದನ್ನು ಅವತ್ತು ಹಾಡಿದ ದನಿಗೆ ಹಕ್ಕಿದೆ. 1957ರ ಕೃತಿಸ್ವಾಮ್ಯ (ಕಾಪಿರೈಟ್) ಕಾಯ್ದೆಯ 38ನೇ ಕಲಮಿನಲ್ಲಿ ಹಾಡುವವರ, ಕುಣಿಯುವವರ, ನುಡಿಸುವವರ ಹಕ್ಕು ಬರುತ್ತದೆ, ಅದು 50 ವರ್ಷ ಇರುತ್ತದೆ. 2012ರ ತಿದ್ದುಪಡಿಯ ನಂತರ ವಾಣಿಜ್ಯ ಬಳಕೆಯಲ್ಲಿ ಅವರಿಗೆ ರಾಯಧನದ (ರಾಯಲ್ಟಿ) ಹಕ್ಕೂ, ಹೆಸರು ಹಾಕಿಸಿಕೊಳ್ಳುವ ಹಕ್ಕೂ ಇದೆ. ಹಕ್ಕು ಬಿಟ್ಟುಕೊಡುವುದು ಬರಹದಲ್ಲೇ ಆಗಬೇಕು. ಪತ್ರದಲ್ಲಿ ಅವಧಿ ಬರೆಯದಿದ್ದರೆ 5 ವರ್ಷ ಎಂದೇ ಲೆಕ್ಕ, ಯಾವ ಪ್ರದೇಶ ಎಂದು ಬರೆಯದಿದ್ದರೆ ಭಾರತ ಮಾತ್ರ. ಹಾಡು ಪ್ರಪಂಚದ ಎಲ್ಲ ಕಡೆ ಏಕಕಾಲಕ್ಕೆ ಬಿಡುಗಡೆಯಾಗುವ ಈ ಕಾಲದಲ್ಲಿ ಅದೊಂದು ಪದ ಬಿಟ್ಟುಹೋದರೂ ತೊಂದರೆ.

ಪತ್ರ ಬರೆಸಿಕೊಂಡು ಊರಿಗೆ ಹೋದೆ. ತಂಡದ ಉಳಿದವರು ಓದಿ ಸಹಿ ಹಾಕಿದರು. ಮುಂದಾಳು ಅಜ್ಜ ಮಾತ್ರ ಕಾಗದ ಮುಟ್ಟಲಿಲ್ಲ.

"ದೀಪದ ಹಾಡಿಗೆ ಕಾಗದ ಎಂತಕ್ಕಾ ಮಾರಾಯ? ಹಾಡು ಬೇಕಾದ್ರೆ ತಗಂಡ್ ಹೋಗು. ಸಹಿ ಮಾತ್ರ ಕೇಳ್ಬೇಡ."

ಹಟವೇನೋ ಎಂದುಕೊಂಡಿದ್ದೆ. ಚಹಾ ಕುಡಿಯುತ್ತ ಅವರೇ ಹೇಳಿದರು. ಲಿಂಗನಮಕ್ಕಿ ಅಣೆಕಟ್ಟು 1964ರಲ್ಲಿ ಮುಗಿದಾಗ ಅವರಿನ್ನೂ ಹುಡುಗ. ಶರಾವತಿ ಹಿನ್ನೀರಿನಲ್ಲಿ ಮನೆ, ಗದ್ದೆ, ತೋಟ ಎಲ್ಲ ಹೋಯಿತು. ಅಪ್ಪ ಹೆಬ್ಬೆಟ್ಟು ಒತ್ತಿದ ಕಾಗದಗಳಲ್ಲಿ ಏನಿತ್ತು ಎಂದು ಮನೆಯಲ್ಲಿ ಯಾರಿಗೂ ತಿಳಿಯಲಿಲ್ಲ. ಎಬ್ಬಿಸಿ ತಂದು ಕೂರಿಸಿದ ಜಾಗಕ್ಕೆ ಹಕ್ಕುಪತ್ರ ಈಗಲೂ ಇಲ್ಲ. ಮುಳುಗಡೆಯ ಎಷ್ಟೋ ಕುಟುಂಬಗಳ ಪಾಡು ಇದೇ. "ಆವತ್ತಿಂದ ನಮ್ಮನೇಲಿ ಓದ್ದೆ ಇರೋ ಕಾಗದಕ್ಕೆ ಯಾರೂ ಕೈ ಹಾಕಲ್ಲ" ಎಂದರು. ನನ್ನ ಮೂರನೆಯ ಹಾಡು ಇದೇ ಮುಳುಗಡೆಯ ಮೇಲೆ. ಬರೆಯುವಾಗ ಇಲ್ಲದ ಭಾರ ಆ ಜಗುಲಿಯಲ್ಲಿ ಎದೆಗೆ ಬಂದು ಕೂತಿತು.

ಆ ದಿನ ಸಹಿ ಕೇಳದೆ ಬಂದೆ. ವಕೀಲರ ಪತ್ರ ಇಂಗ್ಲಿಷಿನಲ್ಲಿತ್ತು. ಅದನ್ನು ಪಕ್ಕಕ್ಕಿಟ್ಟು ಎಲ್ಲವನ್ನೂ ಕನ್ನಡದಲ್ಲಿ, ನಾವು ಮಾತಾಡುವ ಕನ್ನಡದಲ್ಲಿ, ಒಂದೇ ಪುಟಕ್ಕೆ ಇಳಿಸಿದೆ. ವಕೀಲರಿಗೆ ತೋರಿಸಿ ಸರಿ ಎನಿಸಿಕೊಂಡೆ. ಮತ್ತೆ ಹೋಗಿ ಅಜ್ಜನಿಗೂ ಅವರ ಮೊಮ್ಮಗಳಿಗೂ ಒಂದೊಂದೇ ಸಾಲು ಓದಿ ಹೇಳಿದೆ. ಮೊಮ್ಮಗಳು ಡಿಗ್ರಿ ಓದುತ್ತಿದ್ದಾಳೆ, ನನಗಿಂತ ಚೆನ್ನಾಗಿ ಪ್ರಶ್ನೆ ಕೇಳಿದಳು. ಅಜ್ಜ ಎರಡು ಮಾತು ಸೇರಿಸು ಎಂದರು. ಚುನಾವಣೆ ಪ್ರಚಾರಕ್ಕೂ ಹೆಂಡದ ಜಾಹೀರಾತಿಗೂ ಈ ಹಾಡು ಕೊಡಕೂಡದು. ದೀಪದ ಹಾಡಿನ ಜೊತೆ ಬೈಗುಳ ಬರಕೂಡದು. ಎರಡನ್ನೂ ಪತ್ರಕ್ಕೆ ಸೇರಿಸಿದೆ. ನನ್ನ ಮೂರನೇ ಚರಣದಲ್ಲಿ ಎರಡು ಬೈಗುಳ ಇದ್ದವು, ಅದನ್ನು ಪೂರ್ತಿ ಹೊಸದಾಗಿ ಬರೆದೆ, ಮೊದಲಿಗಿಂತ ಗಟ್ಟಿಯಾಯಿತು. ಹಾಡಿದವರಿಗೆಲ್ಲ ಮುಂಗಡ ಕೊಟ್ಟು, ಬರುವ ರಾಯಧನದಲ್ಲಿ ತಂಡಕ್ಕೆ ಪಾಲು ಬರೆದು, ಎರಡು ಪ್ರತಿ ಮಾಡಿ ಒಂದನ್ನು ಅವರ ಮನೆಯ ಟ್ರಂಕಿನಲ್ಲಿ ಇಡಿಸಿದೆ. ಅಜ್ಜ ಹೆಬ್ಬೆಟ್ಟು ಒತ್ತಲಿಲ್ಲ, ನಿಧಾನಕ್ಕೆ ಅಕ್ಷರ ಕೂಡಿಸಿ ಸಹಿಯನ್ನೇ ಹಾಕಿದರು.

ಇದಕ್ಕೆಲ್ಲ ಒಂದು ಮಳೆಗಾಲವೇ ಹಿಡಿಯಿತು. ದನಿ ರೆಕಾರ್ಡ್ ಮಾಡುವ ದಿನವೇ ಕಾಗದವನ್ನೂ ಜೇಬಲ್ಲಿಟ್ಟುಕೊಂಡು ಹೋಗಿ. ಯಕ್ಷಗಾನದ ಭಾಗವತರಿರಲಿ, ಡೊಳ್ಳಿನ ತಂಡವಿರಲಿ, ಪಕ್ಕದ ಮನೆಯ ಸೋಬಾನೆ ಹೇಳುವ ಅಜ್ಜಿಯಿರಲಿ, ಕ್ರಮ ಒಂದೇ. ಯೂಟ್ಯೂಬಿನಿಂದ ಹಳೆಯ ಜನಪದ ಗೀತೆ ಕತ್ತರಿಸಿ ಬೀಟಿಗೆ ಸೇರಿಸುವವರನ್ನು ನೋಡುತ್ತಿದ್ದೇನೆ. ಹಾಡು ಹಳೆಯದಾದರೂ ಆ ಧ್ವನಿಮುದ್ರಣ ಒಬ್ಬರದ್ದು, ಪ್ರಕಟವಾದ ಮೇಲೆ 60 ವರ್ಷ ಅದಕ್ಕೆ ಕೃತಿಸ್ವಾಮ್ಯ ಇರುತ್ತದೆ.

ಶರಾವತಿ ಹಿನ್ನೀರು ದಾಟಿಸುವ ಹೊಳೆಬಾಗಿಲಿನ ಲಾಂಚ್ ಎಂಜಿನ್ನಿನ ಸದ್ದಿಗೆ ಮಾತ್ರ ಯಾರ ಸಹಿಯೂ ಬೇಕಾಗಲಿಲ್ಲ. ಸಿಗಂದೂರಿನ ಕಡೆಗೆ ಸೇತುವೆ ಆಗುತ್ತಿದೆ, ಲಾಂಚಿನ ಓಡಾಟ ಇನ್ನು ಹೀಗೇ ಇರುವುದಿಲ್ಲ ಎಂದು ಗೊತ್ತಿದ್ದರಿಂದ ಮೊದಲೇ ಹೋಗಿ ಹಿಡಿದಿಟ್ಟೆ. 2025ರ ಜುಲೈ 14ಕ್ಕೆ ಸೇತುವೆ ಉದ್ಘಾಟನೆಯಾಯಿತು. ಮುಳುಗಡೆಯ ಹಾಡಿನ ಬೇಸ್ ಕೆಳಗೆ ಗುಡುಗುಡು ಎನ್ನುತ್ತಿರುವುದು ಅದೇ ಎಂಜಿನ್.

ಕುವೆಂಪು ಅವರ ಒಂದು ಸಾಲನ್ನು ಪಲ್ಲವಿಯಾಗಿ ಇಟ್ಟುಕೊಳ್ಳಬೇಕು ಎಂದು ಬಹಳ ಆಸೆಯಿತ್ತು. ಕುಪ್ಪಳಿಯ ಮಣ್ಣಿಗೆ ಇಷ್ಟು ಹತ್ತಿರ ಇರುವವನಿಗೆ ಆ ಆಸೆ ಸಹಜ. ಆದರೆ ಸಾಹಿತ್ಯಕ್ಕೆ ಬರೆದವರು ತೀರಿಕೊಂಡ ನಂತರವೂ 60 ವರ್ಷ ಕೃತಿಸ್ವಾಮ್ಯ. ಅವರು ತೀರಿಕೊಂಡದ್ದು 1994ರ ನವೆಂಬರಿನಲ್ಲಿ, ಲೆಕ್ಕ ಮರುವರ್ಷದಿಂದ, ಅಂದರೆ 2054ರ ಕೊನೆಯವರೆಗೆ ವಾರಸುದಾರರ ಅನುಮತಿ ಬೇಕು. ಅನುಮತಿಗೆ ಬರೆದು ಕಾಯುವಷ್ಟು ಸಮಯ ನನ್ನಲ್ಲಿ ಉಳಿದಿರಲಿಲ್ಲ. ಆ ಜಾಗಕ್ಕೆ ಭಾಮಿನಿಯ ಲಯದಲ್ಲಿ ನನ್ನದೇ ಸಾಲು ಕಟ್ಟಿದೆ. ಛಂದಸ್ಸಿಗೆ ಯಾರ ಅನುಮತಿಯೂ ಬೇಡ, ಅದು ಎಲ್ಲರ ಆಸ್ತಿ.

ಮಳೆ ಹಿಂದೆ ಸರಿದ ಮೇಲೆ ಉಳಿದ ದನಿಗಳನ್ನು ಮುಗಿಸಿದೆ. ಅದು ಅಡಿಕೆ ಸುಗ್ಗಿಯ ಹೊತ್ತು, ಮಂಡಿಯಲ್ಲಿ ರಜೆಯ ಮಾತೇ ಇಲ್ಲ. ಹಗಲು ಲೆಕ್ಕ, ರಾತ್ರಿ ಮೈಕು. ಮಿಕ್ಸಿಂಗಿಗೆ, ಅಂದರೆ ದನಿ, ಬೀಟು ಎಲ್ಲವನ್ನೂ ಹದವಾಗಿ ಬೆರೆಸಲು, ಬೆಂಗಳೂರಿನ ಎಂಜಿನಿಯರ್ ಒಬ್ಬರನ್ನು ಹಿಡಿದಿದ್ದೆ, ಒಂದು ಹಾಡಿಗೆ ನಾಲ್ಕೂವರೆ ಸಾವಿರ ಎಂದು ಮಾತಾಗಿತ್ತು. ಹೆಚ್ಚಿನ ಕೆಲಸ ಇಂಟರ್‌ನೆಟ್ಟಿನಲ್ಲೇ ನಡೆಯಿತು, ಕೊನೆಯ ಸುತ್ತಿಗೆ ಮಾತ್ರ ಬೆಳಗ್ಗಿನ ಜನಶತಾಬ್ದಿಗೆ ಹೋಗಿ ಪಕ್ಕದಲ್ಲಿ ಕೂತು ಕೇಳಿ, ಸಂಜೆಯ ರೈಲಿಗೆ ವಾಪಸ್ಸು. ಕಳಿಸುವ ಫೈಲುಗಳು ವೇವ್ ರೂಪದಲ್ಲಿ, 24 ಬಿಟ್‌ನಲ್ಲಿ ಇರಲಿ, ಪ್ರತಿಯೊಂದೂ ಹಾಡಿನ ಸೊನ್ನೆ ಸೆಕೆಂಡಿನಿಂದಲೇ ಶುರುವಾಗಲಿ. ಫೈಲಿಗೆ ಕನ್ನಡದಲ್ಲಿ ಹೆಸರಿಟ್ಟರೆ ಕೆಲವು ಸಾಫ್ಟ್‌ವೇರಿನಲ್ಲಿ ಅಕ್ಷರ ಒಡೆದು ಬರೀ ಚೌಕಗಳು ಕಾಣುತ್ತವೆ. ನಮಗೆ ಯಾವುದು ದನಿ, ಯಾವುದು ಚಂಡೆ ಎಂದು ಹುಡುಕುವುದರಲ್ಲೇ ಅರ್ಧ ದಿನ ಹೋಯಿತು.

ದನಿ ಎಷ್ಟು ಜೋರಿರಬೇಕು ಎಂಬುದಕ್ಕೂ ಚರ್ಚೆಯಾಯಿತು. ಹಾಡು ಕೇಳುವ ಆ್ಯಪ್ ಸ್ಪಾಟಿಫೈ ಎಲ್ಲ ಹಾಡುಗಳನ್ನೂ ಸಾಮಾನ್ಯವಾಗಿ ಮೈನಸ್ 14 ಎಲ್‌ಯುಎಫ್‌ಎಸ್ (ದನಿಯ ಜೋರಿನ ಅಳತೆ) ಮಟ್ಟಕ್ಕೆ ತಂದು ನುಡಿಸುತ್ತದೆ. ಅದಕ್ಕಿಂತ ಜೋರಾಗಿ ಮಾಸ್ಟರ್ (ಮಿಕ್ಸ್ ಆದ ಹಾಡಿಗೆ ಕೊಡುವ ಕೊನೆಯ ಹದ) ಮಾಡಿದರೆ ಅವರೇ ತಗ್ಗಿಸುತ್ತಾರೆ, ಒತ್ತಿ ಒತ್ತಿ ಚಪ್ಪಟೆಯಾದ ಶಬ್ದ ಮಾತ್ರ ನಮಗೆ ಉಳಿಯುತ್ತದೆ. ದೀಪದ ಹಾಡು ಮೆಲ್ಲಗೆ ಶುರುವಾಗಿ ಏರಬೇಕು ಎಂದು ನಾನು ಪಟ್ಟು ಹಿಡಿದೆ. ಮಿಕ್ಸ್ ಆದ ಹಾಡನ್ನು ಆಟೋದಲ್ಲಿ, ಬಸ್ಸಿನಲ್ಲಿ, ಅಗ್ಗದ ಇಯರ್‌ಫೋನಿನಲ್ಲಿ ಕೇಳಿಯೇ ಒಪ್ಪಿಗೆ ಕೊಡಿ. ನಮ್ಮ ಜನ ಕೇಳುವುದು ಅಲ್ಲೇ.

ಇನ್ನು ನೋಂದಣಿ. ಹಾಡು ಬರೆದ ಕ್ಷಣದಿಂದ ಕೃತಿಸ್ವಾಮ್ಯ ತಾನಾಗಿಯೇ ಇರುತ್ತದೆ, ನೋಂದಣಿ ಕಡ್ಡಾಯವಲ್ಲ, ಆದರೆ ಜಗಳ ಬಂದರೆ ಸಾಕ್ಷಿಯಾಗುತ್ತದೆ. ದೆಹಲಿಯ ಕೃತಿಸ್ವಾಮ್ಯ ಕಚೇರಿಗೆ ಆನ್‌ಲೈನಿನಲ್ಲೇ 14ನೇ ನಮೂನೆಯ ಅರ್ಜಿ ಹಾಕಬೇಕು. ಸಾಹಿತ್ಯಕ್ಕೆ ಒಂದಕ್ಕೆ 500 ರೂಪಾಯಿ, ಧ್ವನಿಮುದ್ರಣಕ್ಕೆ 2,000. ಒಂಬತ್ತಕ್ಕೂ ಕಟ್ಟುವ ಶಕ್ತಿ ಇರಲಿಲ್ಲ, ಐದನೆಯ ಹಾಡಿಗೆ ಮಾತ್ರ ಎರಡೂ ಕಟ್ಟಿದೆ. ಹಾಡಿನಲ್ಲಿ ಪಾಲಿರುವ ಪ್ರತಿಯೊಬ್ಬರ ಆಕ್ಷೇಪಣೆ ಇಲ್ಲ ಎಂಬ ಪತ್ರ ಕೇಳುತ್ತಾರೆ, ಊರಲ್ಲಿ ಮಾಡಿಸಿದ ಪತ್ರಗಳು ಇಲ್ಲೂ ಬಳಕೆಗೆ ಬಂದವು. ಅರ್ಜಿ ಹಾಕಿದ ಕೂಡಲೇ ಡೈರಿ ಸಂಖ್ಯೆ ಸಿಗುತ್ತದೆ. ಬೇರೆಯವರ ಆಕ್ಷೇಪಕ್ಕಾಗಿ 30 ದಿನ ಕಾಯುತ್ತಾರೆ, ಪರಿಶೀಲನೆ ಶುರುವಾಗುವುದು ಆಮೇಲೆ. ನನ್ನದು ಇನ್ನೂ ಅಲ್ಲೇ ಇದೆ.

ಐಪಿಆರ್‌ಎಸ್ (ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ) ಸದಸ್ಯತ್ವವನ್ನು ಮಾತ್ರ ಮುಂದೂಡಬೇಡಿ. 1969ರಲ್ಲಿ ಶುರುವಾದ ಈ ಸಂಸ್ಥೆ ಹಾಡು ಬರೆದವರಿಗೆ, ರಾಗ ಕಟ್ಟಿದವರಿಗೆ ರೇಡಿಯೋ, ಟಿವಿ, ಆ್ಯಪ್, ಕಾರ್ಯಕ್ರಮಗಳಿಂದ ಬರುವ ರಾಯಧನ ವಸೂಲಿ ಮಾಡಿ ಹಂಚುತ್ತದೆ. ಪ್ಯಾನ್, ವಿಳಾಸದ ದಾಖಲೆ, ರದ್ದು ಮಾಡಿದ ಚೆಕ್ಕು, ಫೋಟೋ ಬೇಕು. ನನ್ನ ಪ್ಯಾನಿನಲ್ಲಿ ಅಪ್ಪನ ಹೆಸರು ಪೂರ್ತಿ ಇತ್ತು, ಬ್ಯಾಂಕಿನಲ್ಲಿ ಇನಿಷಿಯಲ್ ಮಾತ್ರ. ಹೆಸರು ಹೊಂದಿಸಲು ಬ್ಯಾಂಕಿಗೆ ಅಲೆದಾಟ, ಅರ್ಜಿ, ಮತ್ತೆ ಕಾಯುವುದು. ರ‍್ಯಾಪ್ ಹೆಸರು ಏನೇ ಇರಲಿ, ಆಧಾರ್, ಪ್ಯಾನ್, ಪಾಸ್‌ಬುಕ್ ಮೂರರಲ್ಲೂ ನಿಜ ಹೆಸರು ಒಂದೇ ರೀತಿ ಇದೆಯೇ ಎಂದು ಇವತ್ತೇ ನೋಡಿಕೊಳ್ಳಿ. ಗೆಳೆಯನನ್ನೂ ಸದಸ್ಯನಾಗಿಸಿದೆ.

ಹಾಡುಗಳನ್ನು ಆ್ಯಪ್‌ಗಳಿಗೆ ನಾವೇ ನೇರವಾಗಿ ಹಾಕಲಾಗುವುದಿಲ್ಲ, ನಡುವೆ ವಿತರಣಾ ಸಂಸ್ಥೆ ಬೇಕು. ಪ್ರತಿ ಹಾಡಿಗೂ ಆ ಧ್ವನಿಮುದ್ರಣದ ಗುರುತಾದ, ಹನ್ನೆರಡು ಅಕ್ಷರ-ಅಂಕಿಗಳ ಐಎಸ್‌ಆರ್‌ಸಿ ಸಂಖ್ಯೆ ಅವರೇ ಕೊಟ್ಟರು. ಏಳು ಹಾಡಿಗಿಂತ ಕಡಿಮೆಯಿದ್ದು ಮೂವತ್ತು ನಿಮಿಷದೊಳಗೆ ಮುಗಿದರೆ ಆ್ಯಪಲ್ ಮ್ಯೂಸಿಕ್‌ನಂಥ ಕಡೆ ಅದು ಆಲ್ಬಂ ಎನಿಸಿಕೊಳ್ಳುವುದಿಲ್ಲ. ಮುಖಪುಟ 3000 ಗುಣಿಸು 3000 ಪಿಕ್ಸೆಲ್ ಇರಬೇಕು, ಫೋನ್ ನಂಬರು, ಜಾಲತಾಣದ ವಿಳಾಸ ಇರಬಾರದು. ಇಷ್ಟೆಲ್ಲ ಸರಿಯಿದ್ದರೂ ನನ್ನ ಮುಖಪುಟ ತಿರಸ್ಕಾರವಾಯಿತು. ಪುಟದ ಮೇಲೆ ಆಲ್ಬಂನ ಹೆಸರು ಕನ್ನಡ ಲಿಪಿಯಲ್ಲಿತ್ತು. ಅರ್ಜಿಯಲ್ಲಿ ಇಂಗ್ಲಿಷ್ ಲಿಪಿಯಲ್ಲಿ ತುಂಬಿ ಎಂದು ಅವರ ಸಹಾಯವಾಣಿಯವರೇ ಹೇಳಿದ್ದರು, ಎರಡೂ ಒಂದೇ ಅಲ್ಲ ಎಂದು ಅವರ ಪರಿಶೀಲಕರು ವಾಪಸ್ ಕಳಿಸಿದರು. ಮುಖಪುಟದಿಂದ ಕನ್ನಡ ತೆಗೆಯಿರಿ ಎಂಬ ಸಲಹೆ ಬಂತು. ತೆಗೆಯಲಿಲ್ಲ. ಅರ್ಜಿಯ ಭಾಷೆಯನ್ನು ಕನ್ನಡ ಎಂದು ಆರಿಸಿ, ಹಾಡುಗಳ ಹೆಸರನ್ನೆಲ್ಲ ಕನ್ನಡ ಲಿಪಿಯಲ್ಲೇ ತುಂಬಿ ಮತ್ತೆ ಕಳಿಸಿದೆ. ಒಪ್ಪಿಗೆಯಾಯಿತು. ನೀವೂ ಹಾಗೇ ಮಾಡಿ, ಕನ್ನಡ ಅಕ್ಷರಕ್ಕೆ ಅಲ್ಲಿ ಜಾಗ ಇದೆ. ಐದನೆಯ ಹಾಡಿನ ರಾಗದ ಕಾಲಂನಲ್ಲಿ ನನ್ನ ಹೆಸರು ಬರೆಯದೆ ಸಾಂಪ್ರದಾಯಿಕ ಎಂದೇ ನಮೂದಿಸಿದೆ, ತಂಡದವರ ಹೆಸರುಗಳನ್ನು ಗಾಯಕರ ಸಾಲಿನಲ್ಲಿ ಹಾಕಿದೆ.

ಅಮೆರಿಕದ ಸಂಸ್ಥೆಗಳು ತೆರಿಗೆಗಾಗಿ ಡಬ್ಲ್ಯು-8ಬೆನ್ ಎಂಬ ನಮೂನೆ ಕೇಳುತ್ತವೆ. ಹೆದರಬೇಡಿ, ಪ್ಯಾನ್ ಸಂಖ್ಯೆ ಹಾಕಿ ತುಂಬಿ. ತುಂಬಿದರೆ ಅಲ್ಲಿನ ಕೇಳುಗರಿಂದ ಬರುವ ರಾಯಧನದ ಮೇಲೆ ಎರಡು ದೇಶಗಳ ಒಪ್ಪಂದದ ಪ್ರಕಾರ ಶೇ. 15 ಕಡಿತ, ಬಿಟ್ಟರೆ ಶೇ. 30.

ಬಿಡುಗಡೆಗೆ ಕನಿಷ್ಠ ಒಂದು ತಿಂಗಳು ಮೊದಲೇ ಹಾಡು ಕೊಡಿ. ಸ್ಪಾಟಿಫೈಯ ಸಂಪಾದಕರಿಗೆ ನಮ್ಮ ಹಾಡನ್ನು ಕೇಳಿಸಲು ಬಿಡುಗಡೆಗೆ 7 ದಿನ ಮೊದಲಾದರೂ ಕಲಾವಿದರ ಖಾತೆಯಿಂದ ಅರ್ಜಿ ಹಾಕಬೇಕು, ಆಲ್ಬಂನಿಂದ ಒಂದೇ ಹಾಡಿಗೆ ಅವಕಾಶ. ನಾನು ಮಂಡಿ ಹಾಡನ್ನು ಕೊಟ್ಟೆ. ಸಂಪಾದಕರ ಪ್ಲೇಲಿಸ್ಟಿನಲ್ಲಿ ಜಾಗ ಸಿಗಲಿಲ್ಲ. ಸಿಗದಿದ್ದರೂ ಅರ್ಜಿ ಹಾಕಿದ ಹಾಡು ನಮ್ಮನ್ನು ಫಾಲೋ ಮಾಡುವವರ ಹೊಸ ಹಾಡುಗಳ ಪಟ್ಟಿಗೆ ಹೋಗುತ್ತದೆ, ಅದೂ ಕಡಿಮೆಯಲ್ಲ.

ಶುಕ್ರವಾರ ನಡುರಾತ್ರಿ ಕಾದು ಕೂತಿದ್ದೆವು. ಆಲ್ಬಂ ಬಂತು, ಬಂದದ್ದು ನನ್ನ ಪುಟದಲ್ಲಲ್ಲ. ನನ್ನದೇ ಹೆಸರಿನ ಬೇರೆ ಯಾವುದೋ ಭಾಷೆಯ ಕಲಾವಿದನ ಪುಟದಲ್ಲಿ, ಅವನ ಫೋಟೋದ ಕೆಳಗೆ ನಮ್ಮೂರ ದೀಪದ ಹಾಡು. ಅರ್ಜಿಯಲ್ಲಿ ನನ್ನ ಪುಟದ ಕೊಂಡಿ ಸರಿಯಾಗಿಯೇ ಇತ್ತು, ನಡುವೆ ಎಲ್ಲೋ ತಪ್ಪಿತ್ತು. ಕಣ್ಣಲ್ಲಿ ನೀರೇ ಬಂತು, ಅಜ್ಜನ ತಂಡದವರು ಬೆಳಗ್ಗೆ ಹುಡುಕಿದರೆ ಏನು ಕಾಣುತ್ತದೆ ಎಂಬುದೊಂದೇ ಚಿಂತೆ. ಆ್ಯಪ್‌ನ ಕಲಾವಿದರ ವಿಭಾಗದಲ್ಲಿ ತಪ್ಪು ಪುಟಕ್ಕೆ ಹೋದ ಹಾಡನ್ನು ಸರಿಪಡಿಸಿ ಎಂದು ಕೇಳುವ ಅರ್ಜಿ ಇದೆ, ಆಗಲೇ ತುಂಬಿದೆ. ವಾರಾಂತ್ಯ ಕಳೆದ ಮೇಲೆ ಸರಿಯಾಯಿತು. ಹೆಸರು ಇಟ್ಟುಕೊಳ್ಳುವ ಮೊದಲು ಎಲ್ಲ ಆ್ಯಪ್‌ಗಳಲ್ಲಿ ಹುಡುಕಿ ನೋಡಿ, ಊರ ಹೆಸರನ್ನು ಜೊತೆಗೆ ಸೇರಿಸಿಕೊಂಡರೆ ಕ್ಷೇಮ.

ಬಿಡುಗಡೆಯ ಮಾರನೆಯ ದಿನ ಯೂಟ್ಯೂಬಿನಲ್ಲಿ ಇನ್ನೊಂದು ತೊಂದರೆ. ಲೀಸ್ ಬೀಟಿನ ಒಂದು ಹಾಡಿನ ಮೇಲೆ ಕಂಟೆಂಟ್ ಐಡಿ ಹಕ್ಕು ಸಾಧನೆ ಬಂತು, ಅಂದರೆ ಒಂದೇ ಥರದ ಧ್ವನಿಯನ್ನು ತಾನಾಗಿ ಪತ್ತೆಹಚ್ಚುವ ಯೂಟ್ಯೂಬಿನ ವ್ಯವಸ್ಥೆ ಈ ಹಾಡು ಬೇರೆಯವರದು ಎಂದಿತು. ಅದೇ ಬೀಟನ್ನು ಕೊಂಡ ಇನ್ಯಾರೋ ತಮ್ಮ ಹಾಡನ್ನು ಆ ವ್ಯವಸ್ಥೆಗೆ ಸೇರಿಸಿದ್ದರು. ಲೀಸ್ ಬೀಟನ್ನು ಹಾಗೆ ಸೇರಿಸುವಂತಿಲ್ಲ, ಆದರೂ ಸೇರಿಸುವವರಿದ್ದಾರೆ. ಫೋಲ್ಡರಿನಿಂದ ಲೀಸ್ ಪತ್ರ, ರಸೀದಿ ತೆಗೆದು ಆಕ್ಷೇಪ ಸಲ್ಲಿಸಿದ್ದೇನೆ. ಎದುರಿನವರಿಗೆ ಉತ್ತರಿಸಲು 30 ದಿನ ಇರುತ್ತದೆ, ನನ್ನ ಹಾಡು ಸದ್ಯಕ್ಕೆ ಕೇಳಲು ಸಿಗುತ್ತಿದೆ. ಬೀಟ್ ಮಾಡಿದವರಿಗೂ ಬರೆದೆ, ಅವರು ನನ್ನ ಪರವಾಗಿ ಬರೆದುಕೊಟ್ಟರು.

ಖರ್ಚು ಕೇಳಿದವರಿಗೆ: ಸಾಮಾನು, ಬೀಟು, ಮಿಕ್ಸಿಂಗ್, ಮಾಸ್ಟರಿಂಗ್, ತಂಡಕ್ಕೆ ಮುಂಗಡ, ಮುಖಪುಟ, ವಕೀಲರು, ಶುಲ್ಕ, ಓಡಾಟ ಎಲ್ಲ ಸೇರಿ ಒಂದು ಲಕ್ಷ ದಾಟಿತು. ಎರಡು ವರ್ಷದ ಸಂಬಳದಲ್ಲಿ ಉಳಿಸಿದ್ದು. ಸ್ಪಾಟಿಫೈಯಲ್ಲಿ ಒಂದು ಹಾಡು ಹನ್ನೆರಡು ತಿಂಗಳಲ್ಲಿ 1,000 ಸಲ ಕೇಳಿಸಿಕೊಳ್ಳದಿದ್ದರೆ ಅದಕ್ಕೆ ರಾಯಧನವೇ ಇಲ್ಲ, 2024ರಿಂದ ಈ ನಿಯಮ. ಸಾಲ ಮಾಡಿ ಮಾಡಬೇಡಿ.

ಒಪ್ಪಿಗೆ ಪತ್ರದ ಒಕ್ಕಣೆ ಕೇಳಿದವರು ಬಹಳ ಜನ. ವಕೀಲರಿಗೆ ಒಮ್ಮೆ ತೋರಿಸಿ ಧಾರಾಳವಾಗಿ ಬಳಸಿಕೊಳ್ಳಿ:

"ನಾನು (ಹೆಸರು, ತಂದೆ ಅಥವಾ ತಾಯಿಯ ಹೆಸರು, ಊರು) (ದಿನಾಂಕ)ದಂದು ಹಾಡಿದ ಹಾಡಿನ ಧ್ವನಿಮುದ್ರಣವನ್ನು (ಕಲಾವಿದರ ಹೆಸರು) ತಮ್ಮ (ಹಾಡಿನ ಹೆಸರು) ಎಂಬ ಒಂದು ಹಾಡಿನಲ್ಲಿ ಮಾತ್ರ ಬಳಸಲು ಒಪ್ಪಿದ್ದೇನೆ. ಈ ಒಪ್ಪಿಗೆ (ಇಷ್ಟು) ವರ್ಷಕ್ಕೆ, ಪ್ರಪಂಚದ ಎಲ್ಲ ದೇಶಗಳಿಗೆ. ಹಾಡು ಎಲ್ಲೆಲ್ಲಿ ಬರುತ್ತದೋ ಅಲ್ಲೆಲ್ಲ ನನ್ನ ಹೆಸರು ಹಾಕಬೇಕು. ಮುಂಗಡ (ಇಷ್ಟು) ರೂಪಾಯಿ ಪಡೆದಿದ್ದೇನೆ, ಬರುವ ರಾಯಧನದಲ್ಲಿ ನನ್ನ ಪಾಲು ಶೇ. (ಇಷ್ಟು), ವರ್ಷಕ್ಕೊಮ್ಮೆ ಲೆಕ್ಕ ತೋರಿಸಿ ಕೊಡಬೇಕು. ಚುನಾವಣಾ ಪ್ರಚಾರಕ್ಕೆ, ಮದ್ಯದ ಜಾಹೀರಾತಿಗೆ ಬಳಸಬಾರದು. ಬೇರೆ ಯಾವುದೇ ಬಳಕೆಗೆ ಮತ್ತೆ ನನ್ನನ್ನು ಕೇಳಬೇಕು. ಮೂಲ ಹಾಡು ನಮ್ಮ ಊರಿನ ಸಂಪ್ರದಾಯದ್ದು, ಅದರ ಮೇಲೆ ಯಾರೂ ಒಡೆತನ ಸಾಧಿಸುವಂತಿಲ್ಲ. ಈ ಪತ್ರವನ್ನು ನನಗೆ ಕನ್ನಡದಲ್ಲಿ ಓದಿ ಹೇಳಿದ್ದಾರೆ, ಒಂದು ಪ್ರತಿ ನನ್ನ ಬಳಿ ಇದೆ."

ಕೆಳಗೆ ಇಬ್ಬರ ಸಹಿ, ಓದಿ ಹೇಳಿದವರ ಹೆಸರು, ಹಾಡಿದವರ ಮನೆಯ ಕಡೆಯಿಂದಲೇ ಒಬ್ಬರು ಸಾಕ್ಷಿ.